ವಾಸ್ತುಶಾಂತಿ ಹತ್ತಿರ ಬಂತು, ಗೋಡೆ ಇನ್ನೂ ಹಸಿ

ಪ್ರಶ್ನೆ: ವಿಜಯಪುರದಲ್ಲಿ ಹನ್ನೆರಡು ಫ್ಲಾಟ್‌ಗಳ ಕಟ್ಟಡವೊಂದರ ವೈರಿಂಗ್ ಹಿಡಿದಿದ್ದೇನೆ. ಮಾತಿನ ಪ್ರಕಾರ ನನಗೆ 16 ವಾರ ಸಿಗಬೇಕಿತ್ತು. ಗೋಡೆ ಕೆಲಸ ತಡವಾಯಿತು, ಪ್ಲಾಸ್ಟರ್ ಇನ್ನೂ ತಡವಾಯಿತು. ಆಷಾಢ ಹಿಡಿಯುವುದರೊಳಗೆ ವಾಸ್ತುಶಾಂತಿ ಆಗಲೇಬೇಕು ಅಂತಾರೆ ಮಾಲೀಕರು. ಉಳಿದಿದ್ದು 9 ವಾರ. ನಾಲ್ಕು ಹುಡುಗರಿದ್ದಾರೆ, ಎಂಟು ಮಾಡಿಕೊಳ್ಳಲೇ?

ಉತ್ತರ: ಬೇಡ. ಟೈಲ್ಸ್‌ನವರು, ಪೇಂಟರ್‌ಗಳು ಕೂತಿರುವ ರೂಮಿಗೆ ಎಂಟು ಜನರನ್ನು ನುಗ್ಗಿಸಿದರೆ ನಾಲ್ವರು ಏಣಿ ಹಿಡಿದು ನಿಂತಿರುತ್ತಾರೆ, ಸಂಬಳ ನಿಮ್ಮದು. ಬೆಳಗಾವಿಯಲ್ಲಿ 31 ವರ್ಷ ಇದೇ ಕೆಲಸ ಮಾಡಿದ್ದೇನೆ. ಸೆಂಟ್ರಿಂಗ್‌ನವರು ತಿಂದ ದಿನ, ಗೌಂಡಿಗಳು ತಿಂದ ದಿನ, ಎಲ್ಲಾ ನಮ್ಮ ಲೆಕ್ಕಕ್ಕೇ ಬರುತ್ತದೆ.

ನಾಳೆ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಹನ್ನೆರಡೂ ಫ್ಲಾಟ್ ಸುತ್ತಿ. ಎಲ್ಲಿ ಪ್ಲಾಸ್ಟರ್ ಮುಗಿದಿದೆ, ಎಲ್ಲಿ ಟೈಲ್ಸ್ ನಡೆದಿದೆ, ಎಲ್ಲಿ ಬಾಗಿಲು ಕೂತಿಲ್ಲ, ಬರೆದುಕೊಳ್ಳಿ. (ಬಾಗಿಲಿಲ್ಲದ ಫ್ಲಾಟ್‌ನಲ್ಲಿ ತಾಮ್ರದ ವೈರ್ ಎಳೆಯಬೇಡಿ. ಬೆಳಗಾಗುವುದರೊಳಗೆ ಪೈಪ್ ಖಾಲಿಯಾಗಿದ್ದನ್ನು ಎರಡು ಸಲ ನೋಡಿದ್ದೇನೆ.) ಆಮೇಲೆ ಮಾಲೀಕರಿಗೆ ವಾಟ್ಸಾಪ್ ಮಾಡಿ: ‘ಮೂರನೇ ಮಹಡಿಯ ನಾಲ್ಕು ಫ್ಲಾಟ್ ಸೋಮವಾರ ಖಾಲಿಯಾಗಿ ನನ್ನ ಕೈಗೆ ಬಂದರೆ ಶನಿವಾರಕ್ಕೆ ವೈರ್ ಎಳೆದಿರುತ್ತೇನೆ. ಅದು ಬುಧವಾರ ಬಂದರೆ ನನ್ನದೂ ಎರಡು ದಿನ ಮುಂದಕ್ಕೆ.’ ಜಗಳದ ಧಾಟಿ ಬೇಡ, ಬರೀ ದಿನಾಂಕ. ಬಾಯಲ್ಲಿ ಹೇಳಿದ್ದು ಬಿಲ್ ದಿನ ಯಾರಿಗೂ ನೆನಪಿರುವುದಿಲ್ಲ.

ಜನ ಬೇಕೇ ಬೇಕು ಅನ್ನಿಸಿದರೆ ಇಬ್ಬರನ್ನು ತೆಗೆದುಕೊಂಡು ಕೆಳಗೆ ಪಾರ್ಕಿಂಗ್‌ನಲ್ಲಿ ಕೂರಿಸಿ. ಡಿಬಿ (ಫ್ಲಾಟಿನ ಎಲ್ಲಾ ಸರ್ಕ್ಯೂಟ್ ಬಂದು ಸೇರುವ ಡಬ್ಬಿ) ಜೋಡಿಸಲಿ. ಸ್ವಿಚ್‌ಗಳನ್ನು ಪ್ಲೇಟಿಗೆ ಕೂರಿಸಿ ಫ್ಲಾಟ್ ನಂಬರ್ ಬರೆದು ಡಬ್ಬಿಯಲ್ಲಿಡಲಿ. ಇದಕ್ಕೆ ಗೋಡೆ ಒಣಗುವ ತನಕ ಕಾಯಬೇಕಿಲ್ಲ, ಅಲ್ವಾ?

ಇನ್ನು ಅವಸರ ಮಾಡಬಾರದ ಜಾಗ. ಬಾಗಲಕೋಟೆಯ ನವನಗರದಲ್ಲಿ ಎರಡಂತಸ್ತಿನ ಮನೆ ಮಾಡಿದ್ದೆ. ಸ್ಲ್ಯಾಬ್ ಹಾಕುವುದು ಒಂದು ದಿನ ಮೊದಲೇ ಬಂತು, ‘ಬೆಳಿಗ್ಗೆ ಆರಕ್ಕೆ ಮಿಕ್ಸರ್ ಬರ್ತದ’ ಅಂತ ರಾತ್ರಿ ಫೋನು. ಸ್ಲ್ಯಾಬಿನೊಳಗೆ ಹೋಗುವ ವೈರಿಂಗ್ ಪೈಪನ್ನು ಬೈಕಿನ ಲೈಟಿನಲ್ಲಿ ಕಟ್ಟಿದೆವು. ಪೈಪ್ ಅಂಟಿಸುವ ಸೊಲ್ಯೂಷನ್ ಡಬ್ಬಿ ನಡುವೆಯೇ ಮುಗಿಯಿತು. ಕೆಲವು ಕಪ್ಲಿಂಗ್ ಹಾಗೇ ಒತ್ತಿ ಕೂರಿಸಿದೆವು. ಕಾಂಕ್ರೀಟ್ ಒಳಗಿಳಿಯದಂತೆ ಫ್ಯಾನ್ ಬಾಕ್ಸ್‌ಗೆ ತುಂಬಬೇಕಾದ ಥರ್ಮಾಕೋಲ್ ತುಂಬಲಿಲ್ಲ. ನಾಲ್ಕು ತಿಂಗಳ ಮೇಲೆ ವೈರ್ ಎಳೆಯಲು ಹೋದರೆ ಹಾಲ್ ಫ್ಯಾನಿನಿಂದ ಐದಡಿ ದೂರದಲ್ಲಿ, ವೈರ್ ಎಳೆಯಲು ಪೈಪಿಗೆ ತೂರಿಸುವ ಸ್ಪ್ರಿಂಗ್ ಟಕ್ ಅಂತ ನಿಂತಿತು. ಸಿಮೆಂಟ್ ಹಾಲು ಒಳಗಿಳಿದು ಕಲ್ಲಾಗಿತ್ತು. ಪೇಂಟ್ ಆದ ಸೀಲಿಂಗ್ ಒಡೆದೆ. ಉಳಿಸಿದ್ದು ಒಂದು ದಿನ, ಹೋಗಿದ್ದು ಹನ್ನೊಂದು. ದುಡ್ಡೂ ನನ್ನದೇ.

ನಿಮ್ಮ ಸ್ಲ್ಯಾಬ್ ಮುಗಿದಿದೆ, ಸರಿ. ಆದರೆ ಎಲ್ಲಾ ಪೈಪಿಗೂ ಈ ವಾರವೇ ಸ್ಪ್ರಿಂಗ್ ಹಾಯಿಸಿ ನೋಡಿ. ಕಟ್ಟಿಕೊಂಡದ್ದು ಈಗ ಸಿಕ್ಕರೆ ಗೌಂಡಿ ಇನ್ನೂ ಸೈಟಿನಲ್ಲೇ ಇರುತ್ತಾನೆ, ಪೇಂಟ್ ಆದ ಮೇಲೆ ಸಿಕ್ಕರೆ ಇರುವುದಿಲ್ಲ.

ಎರಡನೆಯದು ಮೆಗ್ಗರ್, ಅಂದರೆ ವೈರಿನ ಇನ್ಸುಲೇಷನ್ ಅಳೆಯುವ ಮೀಟರ್. ಹಸಿ ಪ್ಲಾಸ್ಟರ್‌ನ ನೀರು ಬಾಕ್ಸ್ ಮೂಲಕ ಪೈಪಿಗೆ ಇಳಿದಿರುತ್ತದೆ. ಬಲ್ಬ್ ಹತ್ತಿತು ಅಂದರೆ ವೈರ್ ಚೆನ್ನಾಗಿದೆ ಅಂತ ಅಲ್ಲ. ಲೋಡ್ ಎಲ್ಲಾ ಬಿಚ್ಚಿ 500 ವೋಲ್ಟ್ ಮೆಗ್ಗರ್ ಹಚ್ಚಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸುವ ಸರ್ಕ್ಯೂಟಿಗೆ ಕರೆಂಟ್ ಕೊಡಬೇಡಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಸುಮ್ನೆ ಸುಮ್ನೆ ಬೀಳುತ್ತಿದೆ ಅಂತ ಅದನ್ನೇ ಬೈಪಾಸ್ ಮಾಡುವವರಿದ್ದಾರೆ. ವಾಸ್ತುಶಾಂತಿ ದಿನ ಮನೆ ತುಂಬಾ ಮಕ್ಕಳಿರುತ್ತಾರೆ, ಮಾರಾಯರೇ.

ಕರೆಂಟ್ ಕನೆಕ್ಷನ್‌ಗೆ ಹೆಸ್ಕಾಂಗೆ ಕೊಡುವ ಅರ್ಜಿ ಕೊನೆಗೆ ಇಟ್ಟುಕೊಳ್ಳಬೇಡಿ. ಈಗಲೇ ಕಾಗದ ಜೋಡಿಸಿ.

ಪ್ರಶ್ನೆ: ಅದೇ ಸೈಟಿನಲ್ಲಿ ರಾತ್ರಿ ಪಾಳಿ ಹಾಕಿದರೆ ಹೇಗೆ?

ಉತ್ತರ: ಮೇ ತಿಂಗಳಲ್ಲಿ ನಿಮ್ಮೂರಿನ ಮಧ್ಯಾಹ್ನ 40 ಡಿಗ್ರಿ. ಬೆಳಿಗ್ಗೆ ಆರರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಎಂಟು ಮಾಡಿ ನೋಡಿ. ಅದಕ್ಕೂ ಮೀರಿ ರಾತ್ರಿ ಬೇಕೆಂದರೆ ವೈರ್ ಎಳೆಯುವುದಕ್ಕೆ ಮಾತ್ರ, ಡಿಬಿ ಕನೆಕ್ಷನ್‌ಗೆ ಬೇಡ. ನಿದ್ದೆಗಣ್ಣಿನಲ್ಲಿ ನ್ಯೂಟ್ರಲ್ ಅದಲುಬದಲಾದರೆ ಹುಡುಕುವುದು ಮರುದಿನ ನೀವೇ. ರಾತ್ರಿ ಕೂಲಿ, ಹುಡುಗರ ರೊಟ್ಟಿ, ಎರಡನ್ನೂ ಮಾಲೀಕರ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯಿರಿ. ಮೊದಲೇ ಕೇಳಿ ಒಪ್ಪಿಸಿಕೊಂಡು.