ಹೊಗೆ ಕಾಣದಿದ್ದರೆ ಕಾರ್ಬನ್ ಇಲ್ಲ ಅಂತಲ್ಲ

ಪ್ರಶ್ನೆ: ಸರ್, ನಮ್ಮ ಹೊಲದಲ್ಲಿ ನಿಂತರೆ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಕೆಲವು ದಿನ ಹೊಗೆಯೇ ಇರುವುದಿಲ್ಲ. ಹಾಗಾದರೆ ಕಾರ್ಬನ್ ಕಡಿಮೆ ಆಯಿತೇ? ಎಫ್‌ಜಿಡಿ ಯಂತ್ರ ಕೂರಿಸಿದರೆ ಕಾರ್ಬನ್ ನಿಲ್ಲುತ್ತದೆ ಅಂತ ಊರಲ್ಲಿ ಒಬ್ಬರು ಹೇಳುತ್ತಾರೆ. ಹತ್ತಿ ಕಟ್ಟಿಗೆ ಉರಿಸಿದರೆ ಸಾಕು ಅಂತಾನೆ ನನ್ನ ಮಗ. ಯಾರ ಮಾತು ನಿಜ?
- ಹತ್ತಿ ಬೆಳೆಗಾರರೊಬ್ಬರು, ರಾಯಚೂರು ತಾಲ್ಲೂಕು

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಅರ್ಧ ನಿಜ ಇದೆ. ಊರಿನವರದು ತಪ್ಪು.

ಚಿಮಣಿಯಲ್ಲಿ ಕಾಣುವ ಹೊಗೆ ಹಾರುಬೂದಿ. ಅದನ್ನು ಹಿಡಿಯುವ ಯಂತ್ರ ಸರಿಯಾಗಿದ್ದರೆ ಹೊಗೆ ಕಾಣುವುದಿಲ್ಲ, ಅಷ್ಟೇ. ಕಾರ್ಬನ್ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಫ್‌ಜಿಡಿ ಇರುವುದು ಗಂಧಕದ ಅನಿಲ ಹಿಡಿಯಲು. ಸುಣ್ಣದಕಲ್ಲಿನ ನೀರು ಸಿಂಪಡಿಸಿ ಹಿಡಿಯುತ್ತಾರೆ. ತಮಾಷೆ ಅಂದರೆ, ಹಾಗೆ ಮಾಡುವಾಗ ಆ ಕಲ್ಲಿನಿಂದಲೇ ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ! ಉಸಿರಾಟಕ್ಕೆ ಎಫ್‌ಜಿಡಿ ಒಳ್ಳೆಯದೇ. ಕಾರ್ಬನ್ ಲೆಕ್ಕಕ್ಕೆ ಅದನ್ನು ತರಬೇಡಿ.

ನಮ್ಮ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೂದಿಯೇ ಇರುವುದುಂಟು. ಹಳೆಯ ಘಟಕಗಳಲ್ಲಿ 1 ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಸುಡಬೇಕು. ಹೊರಗೆ ಹೋಗುವ ಕಾರ್ಬನ್ ಡೈಆಕ್ಸೈಡ್ ಸುಮಾರು 1 ಕಿಲೋ. ಸುಟ್ಟಿದ್ದಕ್ಕಿಂತ ಹೊರಗೆ ಬಂದದ್ದು ಜಾಸ್ತಿ ಹೇಗೆ ಅಂತೀರಾ? ಗಾಳಿಯ ಆಮ್ಲಜನಕ ಅದರ ಜೊತೆ ಸೇರುತ್ತದೆ. ರಾಯಚೂರು ಸ್ಥಾವರದ ಮೊದಲ ಘಟಕ 1985ರದು. ಅಲ್ಲಿನ ಎಂಟು ಘಟಕಗಳಲ್ಲಿ ಏಳು 210 ಮೆಗಾವಾಟಿನವು. ಅಂಥ ಒಂದು ಘಟಕ ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 150 ಟನ್ ಕಲ್ಲಿದ್ದಲು ನುಂಗುತ್ತದೆ.

ಆ ಕಲ್ಲಿದ್ದಲಿನ ಶಾಖದಲ್ಲಿ ಕರೆಂಟಾಗುವುದು ಮೂರನೇ ಒಂದು ಭಾಗ. ಉಳಿದದ್ದು ಸುಮ್ನೆ ಗಾಳಿಗೆ, ನೀರಿಗೆ. ಪಕ್ಕದ ಯರಮರಸ್‌ನ 800 ಮೆಗಾವಾಟ್ ಘಟಕಗಳು ಸೂಪರ್‌ಕ್ರಿಟಿಕಲ್, ಅಂದರೆ ಹಬೆಯ ಒತ್ತಡ ಬಹಳ ಜಾಸ್ತಿ. ಅವು ಶೇ. 38ರಿಂದ 40ರಷ್ಟು ಶಾಖ ಬಳಸಿಕೊಳ್ಳುವಂತೆ ಕಟ್ಟಿದಂಥವು. ಹಳೆಯ ಘಟಕದಲ್ಲಿ ಶೇ. 34 ಇದ್ದದ್ದನ್ನು 35ಕ್ಕೆ ಏರಿಸಿದರೂ ದಿನಕ್ಕೆ 100 ಟನ್ ಕಲ್ಲಿದ್ದಲು ಉಳಿಯುತ್ತದೆ. ರೈಲಿನಲ್ಲಿ ಎರಡು ವ್ಯಾಗನ್ನಿನ ಹತ್ತಿರ.

ನಾನು ಬಾಯ್ಲರ್, ಟರ್ಬೈನುಗಳ ಪಕ್ಕ ಇಪ್ಪತ್ತೆಂಟು ವರ್ಷ ಪಾಳಿ ಮಾಡಿದವನು. ಒಂದು ಮಳೆಗಾಲ ಕಂಡೆನ್ಸರಿನ ಕೊಳವೆಗಳೊಳಗೆ ಕೆಸರು ಕೂತಿತು. ಟರ್ಬೈನಿನಿಂದ ಬಂದ ಹಬೆಯನ್ನು ಮತ್ತೆ ನೀರು ಮಾಡುವುದು ಈ ಕೊಳವೆಗಳೇ. ಕಂಡೆನ್ಸರಿನೊಳಗೆ ಎಷ್ಟು ನಿರ್ವಾತ ಇದೆ ಅಂತ ತೋರಿಸುವ ವ್ಯಾಕ್ಯೂಮ್ ಮುಳ್ಳು ದಿನಾ ಒಂದಿಷ್ಟು ಬೀಳುತ್ತಿತ್ತು. 10 ಮಿಲಿಮೀಟರ್ ಬಿದ್ದರೆ ಅದೇ ಕರೆಂಟಿಗೆ ಶೇ. 1ರ ಹತ್ತಿರ ಜಾಸ್ತಿ ಕಲ್ಲಿದ್ದಲು ಬೇಕು. ತೊಳೆಯಬೇಕೆಂದರೆ ಲೋಡ್ ಅರ್ಧಕ್ಕೆ ಇಳಿಸಬೇಕು, ಮೇಲಿನವರು ಒಪ್ಪಲಿಲ್ಲ. ಹನ್ನೊಂದು ದಿನ ಲಾಗ್ ಪುಸ್ತಕದಲ್ಲಿ ಒಂದೇ ಸಾಲು ಬರೆದೆ. ಕೊನೆಗೆ ಅನುಮತಿ ಬಂತು, ಹುಡುಗರು ರಾತ್ರಿಯಿಡೀ ಬ್ರಷ್ ಹಾಕಿ ತೊಳೆದರು. ಬೆಳಿಗ್ಗೆ ಮುಳ್ಳು ಮೇಲೆ ನಿಂತಿತ್ತು. ಕಾರ್ಬನ್ ಕಡಿತ ಅಂದಾಗ ನನಗೆ ಆ ಬ್ರಷ್ ನೆನಪಾಗುತ್ತದೆ.

ಹೊಗೆಯಿಂದಲೇ ಕಾರ್ಬನ್ ಹಿಡಿಯುವ ಯಂತ್ರವೂ ಇದೆ. ಕೆನಡಾದ ಬೌಂಡರಿ ಡ್ಯಾಮ್ ಸ್ಥಾವರದಲ್ಲಿ 2014ರಿಂದ ಇದೆ. ಅದನ್ನು ನಡೆಸಲು ಸ್ಥಾವರದ ಶಕ್ತಿಯೇ ಬಹಳಷ್ಟು ಖರ್ಚಾಗುತ್ತದೆ. ನಮ್ಮಲ್ಲಿ ವಿಂಧ್ಯಾಚಲದ ಎನ್‌ಟಿಪಿಸಿ ಸ್ಥಾವರದಲ್ಲಿ 2022ರಲ್ಲಿ ಶುರುವಾದದ್ದು ದಿನಕ್ಕೆ 20 ಟನ್ ಹಿಡಿಯುತ್ತದೆ. 210 ಮೆಗಾವಾಟಿನ ಘಟಕ ಅಷ್ಟನ್ನು ಆರೇ ನಿಮಿಷದಲ್ಲಿ ಬಿಡುತ್ತದೆ.

ಬಿಸಿಲಿರುವಾಗ ಪಾವಗಡದಂಥ ಸೌರ ಪಾರ್ಕುಗಳಿಂದ ಕರೆಂಟು ಬರುತ್ತದೆ, ಥರ್ಮಲ್ ಘಟಕಗಳು ಲೋಡ್ ಇಳಿಸುತ್ತವೆ. ಸುಡುವುದು ಕಡಿಮೆ, ನಿಜ. ಆದರೆ ಅರ್ಧ ಲೋಡಿನಲ್ಲಿ ಪ್ರತಿ ಯೂನಿಟ್ಟಿಗೂ ಕಲ್ಲಿದ್ದಲು ಜಾಸ್ತಿ ಬೇಕು. ಎಲ್ಲವನ್ನೂ ಅರೆಬರೆ ಓಡಿಸುವುದಕ್ಕಿಂತ ಒಂದೆರಡು ಹಳೆಯ ಘಟಕ ಪೂರ್ತಿ ನಿಲ್ಲಿಸುವುದೇ ವಾಸಿ, ಇದು ನನ್ನ ಅಭಿಪ್ರಾಯ.

ಇನ್ನು ಹತ್ತಿ ಕಟ್ಟಿಗೆ. ಅದರ ಕಾರ್ಬನ್ ಗಿಡ ಅದೇ ವರ್ಷ ಗಾಳಿಯಿಂದ ಎಳೆದುಕೊಂಡದ್ದು. ಹಾಗಾಗಿ ಸುಟ್ಟರೆ ಅದೇ ಗಾಳಿಗೆ ವಾಪಸ್ ಹೋಗುತ್ತದೆ, ಅಷ್ಟರ ಮಟ್ಟಿಗೆ ಕಲ್ಲಿದ್ದಲು ಉಳಿಯುತ್ತದೆ. ಕಲ್ಲಿದ್ದಲಿನ ಜೊತೆ ಶೇ. 5ರಷ್ಟು ಪೆಲೆಟ್ (ಬೆಳೆಯ ಕಡ್ಡಿ, ಕಸ ಪುಡಿ ಮಾಡಿ ಒತ್ತಿದ ಗುಳಿಗೆ) ಸೇರಿಸಬೇಕೆಂದು ಕೇಂದ್ರ 2021ರಲ್ಲೇ ಹೇಳಿದೆ. ಉಳಿದ ಶೇ. 95 ಕಲ್ಲಿದ್ದಲೇ ಅಲ್ವಾ? ಕಡ್ಡಿಯನ್ನು ಹಾಗೇ ಹಾಕುವಂತಿಲ್ಲ. ಕಲ್ಲಿದ್ದಲು ಪುಡಿ ಮಾಡುವ ಮಿಲ್ಲಿನಲ್ಲಿ ನಾರು ಸಿಕ್ಕಿಕೊಳ್ಳುತ್ತದೆ, ಬಿಸಿ ಗಾಳಿಗೆ ಕಿಡಿ ಹತ್ತುತ್ತದೆ. ಮಾರುವುದಾದರೆ ಬೇರಿನ ಮಣ್ಣು ಝಾಡಿಸಿ, ಚೆನ್ನಾಗಿ ಒಣಗಿಸಿ. ಕೀಳುವ ಮೊದಲೇ ಪೆಲೆಟ್ ಮಾಡುವವರ ಹತ್ತಿರ ರೇಟು ಕೇಳಿಕೊಳ್ಳಿ. ಸಾಗಣೆ ಖರ್ಚು ಯಾರದು ಅಂತಲೂ.