ಜಂಬೋ 747 ಜಾಗಕ್ಕೆ ಬಂದ ಹೊಸ ವಿಮಾನಗಳನ್ನು ನೆಲದಿಂದಲೇ ಗುರುತಿಸೋದು ಹೇಗೆ?

ಮೊದಲು ಎಂಜಿನ್ ಎಣಿಸಿ. 747ಕ್ಕೆ ನಾಲ್ಕು, ಅದರ ಜಾಗಕ್ಕೆ ಬಂದ ಬೋಯಿಂಗ್‌ನ 777, 787, ಏರ್‌ಬಸ್‌ನ ಎ350ಗಳಿಗೆ ಎರಡೇ. ಇಂಧನ, ರಿಪೇರಿ ಖರ್ಚು ಎರಡೂ ಕಡಿಮೆ ಅಂತಲೇ ಕಂಪನಿಗಳು ಇವುಗಳ ಕಡೆ ವಾಲಿದ್ದು.

ಕಾಕ್‌ಪಿಟ್ ಕಿಟಕಿಗಳ ಸುತ್ತ ಕಪ್ಪು ಕನ್ನಡಕ ಹಾಕಿದ ಹಾಗೆ ಕಂಡರೆ ಎ350. ಎಂಜಿನ್ ಕವಚದ ಹಿಂದಿನ ಅಂಚು ನೇರವಾಗಿಲ್ಲದೆ ಹಲ್ಲುಹಲ್ಲಾಗಿದ್ದರೆ 787. ಆದರೆ ಅವಸರ ಬೇಡ, 747ರ ಕೊನೆಯ ಮಾದರಿಯಾದ 747-8ಕ್ಕೂ ಅಂಥದ್ದೇ ಅಂಚಿದೆ. ಅದಕ್ಕೇ ಮೊದಲು ಎಣಿಸಿ ಅಂದಿದ್ದು. ಕಪ್ಪು ಪಟ್ಟಿ ಇಲ್ಲ, ಇಳಿಯುವಾಗ ಹೊಟ್ಟೆ ಕೆಳಗೆ ಎರಡೂ ಕಡೆ ಆರಾರು ಚಕ್ರ ಕಾಣುತ್ತವೆ ಅಂದರೆ 777.

747 ತಯಾರಿಕೆ ನಿಂತೇಹೋಗಿದೆ. ಕೊನೆಯದನ್ನು ಅಮೆರಿಕದ ಸರಕು ವಿಮಾನ ಕಂಪನಿ ಅಟ್ಲಾಸ್ ಏರ್‌ಗೆ ಕೊಟ್ಟಿದ್ದು 2023ರ ಜನವರಿಯಲ್ಲಿ. ಏರ್ ಇಂಡಿಯಾದ ಒಂದು 747 ಅಂತೂ 2024ರ ಏಪ್ರಿಲ್‌ನಲ್ಲಿ ಮುಂಬೈ ಬಿಡುವಾಗ ರೆಕ್ಕೆ ವಾಲಿಸಿ ವಿದಾಯ ಹೇಳಿತು. ಆ ವಿಡಿಯೋ ನೋಡಿದರೆ ಈಗಲೂ ಸಂಕಟ ಆಗುತ್ತೆ. ಫ್ರಾಂಕ್‌ಫರ್ಟ್ ಕಡೆ ಹೋದರೆ ಲುಫ್ತಾನ್ಸಾದ 747-8 ಖಂಡಿತ ನೋಡಿ.