ಪದವಿ ಓದುವಾಗಲೇ ಕಾಯಿಲೆ ಮತ್ತು ಜೀನ್ ಬಗ್ಗೆ ಸಂಶೋಧನೆ ಮಾಡಲು ಆಗುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾಸರಗೋಡು ಕಡೆ ಎರಡನೇ ವರ್ಷದ ಬಿಎಸ್ಸಿ ಝೂವಾಲಜಿ ಓದುತ್ತಿದ್ದೀರಿ. ಹತ್ತರವರೆಗೆ ಕನ್ನಡ ಮಾಧ್ಯಮ. ಕಾಲೇಜಿನಲ್ಲಿ ಡಿಎನ್ಎ ತುಣುಕನ್ನು ಪ್ರತಿ ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರ ಇಲ್ಲ. ನಿಮ್ಮ ಊರಿನ ಮಕ್ಕಳ ಕಾಯಿಲೆಗೆ ಜೀನ್ ಕಾರಣವೋ, ಗೇರುಗುಡ್ಡೆಗೆ ಬಿಟ್ಟ ಎಂಡೋಸಲ್ಫಾನ್ ಎಂಬ ಕೀಟನಾಶಕ ಮದ್ದು ಕಾರಣವೋ ಎಂದು ರಕ್ತ ತೆಗೆದು ನೋಡಬೇಕು ಅಂತ ಆಸೆ.

ಸಂಶೋಧನೆ ಖಂಡಿತ ಆಗುತ್ತದೆ. ರಕ್ತ ಮಾತ್ರ ಈಗ ತೆಗೆಯಬೇಡಿ.

ನಾನೂ ಕಾಸರಗೋಡಿನವಳೇ, ಎಣ್ಮಕಜೆ ಕಡೆಯವಳು. ಚಿಕ್ಕವಳಿದ್ದಾಗ ಯಾರೋ ಬಂದು ನಮ್ಮ ಬಯಲಿನ ನಾಲ್ಕೈದು ಮನೆಗಳಲ್ಲಿ ರಕ್ತ ತೆಗೆದುಕೊಂಡು ಹೋದರು. ವರದಿ ಬರಲೇ ಇಲ್ಲ. ನನ್ನ ದೊಡ್ಡಮ್ಮ ಈಗಲೂ ಆ ಮಾತು ಎತ್ತುತ್ತಾರೆ. ಮನುಷ್ಯರ ರಕ್ತ ತೆಗೆದು ಅಧ್ಯಯನ ಮಾಡಲು, ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡುವ ಎಥಿಕ್ಸ್ ಕಮಿಟಿಯ ಅನುಮತಿ ಬೇಕು, ಮನೆಯವರ ಬರಹದ ಒಪ್ಪಿಗೆ ಬೇಕು. ಅದಕ್ಕಿಂತ ಮೊದಲು, ಆ ರಕ್ತದಲ್ಲಿ ಏನು ಹುಡುಕುತ್ತೀರಿ ಎನ್ನುವುದು ನಿಮಗೆ ಗೊತ್ತಿರಬೇಕು ಅಲ್ವಾ?

ಹುಟ್ಟಿನಿಂದ ಬಂದದ್ದೆಲ್ಲ ವಂಶದಿಂದ ಬಂದದ್ದಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. 1950ರ ದಶಕದ ಕೊನೆಯಲ್ಲಿ ಯುರೋಪಿನ ಗರ್ಭಿಣಿಯರು ವಾಕರಿಕೆಗೆ ಥಾಲಿಡೊಮೈಡ್ ಮಾತ್ರೆ ತಿಂದರು. ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವು. ಅದು ತಂದೆತಾಯಿಯ ಜೀನಿನ ದೋಷವಲ್ಲ. ಇನ್ನೊಂದು ಕಡೆ, ಸೋದರಮಾವನ ಮಗಳನ್ನೇ ಮದುವೆಯಾದ ಮನೆ ನೋಡಿ. ಗಂಡ ಹೆಂಡತಿ ಇಬ್ಬರೂ ಗಟ್ಟಿಮುಟ್ಟು. ಆದರೆ ಇಬ್ಬರಲ್ಲೂ ಒಂದೇ ರಿಸೆಸಿವ್ ಜೀನ್ (ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ ತರುವಂಥದ್ದು) ಅಡಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಊರಿನಲ್ಲಿ ಎರಡೂ ಬಗೆಯ ಮನೆಗಳು ಇರಬಹುದು. ಒಂದು ಮಗುವಿನ ರಕ್ತ ನೋಡಿ ಇಡೀ ಊರಿನ ಕಥೆ ಹೇಳಲು ಆಗುವುದಿಲ್ಲ.

ಎಂಡೋಸಲ್ಫಾನ್ ಬಗ್ಗೆ ನಡೆದ ಒಂದು ಅಧ್ಯಯನವನ್ನೇ ನೋಡಿ. ನಮ್ಮಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗೇರುಗುಡ್ಡೆಯ ಬುಡದ ಊರಿನ 117 ಹುಡುಗರನ್ನು ಪರೀಕ್ಷಿಸಿದರು. ಅಲ್ಲಿಗೇ ನಿಲ್ಲಿಸಲಿಲ್ಲ. ಹಾಗೆ ಮದ್ದು ಬಿಡದ, ಉಳಿದಂತೆ ಇದೇ ರೀತಿಯ ಇನ್ನೊಂದು ಊರಿನ 90 ಹುಡುಗರನ್ನೂ ನೋಡಿದರು. ಮದ್ದು ಬಿದ್ದ ಊರಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಜಾಸ್ತಿ ಇತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು. ಇದು 2003ರಲ್ಲಿ ಪ್ರಕಟವಾಯಿತು. ಆ 90 ಹುಡುಗರು ಇಲ್ಲದಿದ್ದರೆ ಆ 117ಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹೋಲಿಸಲು ಇನ್ನೊಂದು ಊರು ಇಲ್ಲದೆ ನೀವು ರಕ್ತ ತೆಗೆದರೂ ಅಷ್ಟೇ.

ಹಾಗಾದರೆ ಲ್ಯಾಬ್ ಇಲ್ಲದೆ ಏನು ಮಾಡಬಹುದು? ನನ್ನ ಮೂರನೇ ವರ್ಷದ ಪ್ರಾಜೆಕ್ಟ್ ಹೇಳುತ್ತೇನೆ.

ದೂರದ ನೆಂಟರ ಮನೆಯಲ್ಲಿ ಒಬ್ಬ ಹುಡುಗನಿಗೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಸ್ನಾಯುಗಳ ಬಲ ಮೆಲ್ಲಗೆ ಹೋಗುವ ಕಾಯಿಲೆ. ಇದರ ಜೀನ್ ಎಕ್ಸ್ ಕ್ರೋಮೊಸೋಮಿನಲ್ಲಿದೆ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ. ಹಾಗಾಗಿ ತಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮಗನಿಗೆ ಬರಬಹುದು. ಆಸ್ಪತ್ರೆಯ ಜೀನ್ ಪರೀಕ್ಷೆಯ ವರದಿ ಅವರ ಹತ್ತಿರ ಆಗಲೇ ಇತ್ತು. ಮನೆಯವರ ಒಪ್ಪಿಗೆ ಬರೆಸಿಕೊಂಡು, ಹೆಸರುಗಳನ್ನು ತೆಗೆದು, ವಂಶವೃಕ್ಷ ಬರೆಯಲು ಕೂತೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು, ತೀರಿಕೊಂಡವರಿಗೆ ಅಡ್ಡಗೀಟು.

ಹುಡುಗನ ಅಜ್ಜಿ, ಅಂದರೆ ತಾಯಿಯ ತಾಯಿ, ಮೊದಲ ದಿನ ತನಗೆ ಇಬ್ಬರು ತಮ್ಮಂದಿರು ಎಂದರು. ಇಬ್ಬರೂ ಗಟ್ಟಿ. ಎರಡನೇ ಸಲ ಹೋದಾಗ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಆಗ ಹೇಳಿದರು, “ಇನ್ನೊಬ್ಬ ಇದ್ದ. ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಹದಿನೈದು ತುಂಬುವ ಮೊದಲೇ ಹೋದ.”

ಆ ಒಂದು ಚೌಕ ಸೇರಿಸಿದ ಕೂಡಲೇ ಚಿತ್ರವೇ ಬದಲಾಯಿತು. ಈ ಕಾಯಿಲೆಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಿಗೆ ಅದು ಜೀನಿನಲ್ಲಿ ಹೊಸದಾಗಿ ಹುಟ್ಟಿದ ಬದಲಾವಣೆ, ವಂಶದಿಂದ ಬಂದದ್ದಲ್ಲ. ಇಲ್ಲಿ ಹಾಗಲ್ಲ, ಅಜ್ಜಿಯ ತಾಯಿಯಿಂದಲೇ ಇಳಿದು ಬಂದಿರಬೇಕು ಅನಿಸಿತು. ಅಂದರೆ ಹುಡುಗನ ಚಿಕ್ಕಮ್ಮನಲ್ಲೂ ಇರಬಹುದು. ನನ್ನ ಗೈಡ್ ಮೇಡಂ ಮನೆಯವರೊಡನೆ ಮಾತಾಡಿ ಅವರನ್ನು ವಂಶದ ಕಾಯಿಲೆಯ ಬಗ್ಗೆ ತಜ್ಞರ ಸಲಹೆಗೆ, ಅಂದರೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಕಳಿಸಿದರು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಗಳಲ್ಲಿ ತಾಯಿಯ ಕಡೆಯ ನಾಲ್ಕು ತಲೆಮಾರು ಬಾಯಿಗೇ ಬರುತ್ತದೆ. ನಮ್ಮ ಕಡೆ ಈ ಕೆಲಸ ಮಾಡುವವರಿಗೆ ಅದು ದೊಡ್ಡ ಆಸ್ತಿ.

ಇನ್ನರ್ಧ ಪ್ರಾಜೆಕ್ಟ್ ಬರೀ ಲೆಕ್ಕ. ಈ ಜೀನಿನಲ್ಲಿ 79 ಎಕ್ಸಾನ್‌ಗಳಿವೆ, ಅಂದರೆ ಪ್ರೋಟೀನಿನ ಸಂದೇಶಕ್ಕೆ ಸೇರುವ ತುಣುಕುಗಳು. ಪ್ರೋಟೀನ್ ಮಾಡುವಾಗ ಜೀವಕೋಶ ಈ ಸಂದೇಶದ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ. 48ರಿಂದ 50ರವರೆಗಿನ ಎಕ್ಸಾನ್ ಕಾಣೆಯಾದರೆ 186, 102, 109, ಒಟ್ಟು 397 ಅಕ್ಷರ ಹೋಯಿತು. ಮೂರರಿಂದ ಭಾಗವಾಗುವುದಿಲ್ಲ. ಮುಂದಿನ ಓದೆಲ್ಲ ಕೆಡುತ್ತದೆ, ಕಾಯಿಲೆ ತೀವ್ರ. 51ನೆಯದೂ ಹೋದರೆ? ಅದರಲ್ಲಿ 233 ಅಕ್ಷರ. ಒಟ್ಟು 630. ಸರಿಯಾಗಿ ಭಾಗವಾಗುತ್ತದೆ! ಹೆಚ್ಚು ಕಳೆದುಕೊಂಡರೂ ಓದು ಸರಿಯಾಗಿ ಮುಂದುವರಿಯುತ್ತದೆ, ಹೆಚ್ಚಾಗಿ ಸೌಮ್ಯವಾದ ಬೆಕರ್ ರೂಪ ಕಾಣುತ್ತದೆ. ಇದಕ್ಕೆ ಹೊರತಾದ ರೋಗಿಗಳೂ ಇದ್ದಾರೆ. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಟೆಪ್ಲಿರ್ಸನ್ ಎಂಬ ಔಷಧ ಇದೇ ಲೆಕ್ಕದ ಮೇಲೆ ನಿಂತಿದೆ. ಅದು 51ನೇ ಎಕ್ಸಾನನ್ನು ಜೀವಕೋಶ ಬಿಟ್ಟು ಓದುವಂತೆ ಮಾಡುತ್ತದೆ. ಇದನ್ನು ರಫ್ ಪುಸ್ತಕದಲ್ಲಿ ಕೂಡಿಸಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಕ್ಸಾನ್‌ಗಳ ಉದ್ದ ಎನ್‌ಸಿಬಿಐ, ಎನ್ಸೆಂಬಲ್ ಎಂಬ ಜೀನ್ ಮಾಹಿತಿಯ ತಾಣಗಳಲ್ಲಿ ಉಚಿತ. ಯಾವ ಬದಲಾವಣೆ ಯಾವ ಕಾಯಿಲೆಗೆ ಎನ್ನುವುದು ಕ್ಲಿನ್‌ವಾರ್ ಎಂಬ ತಾಣದಲ್ಲಿ ಸಿಗುತ್ತದೆ. ಮೊಬೈಲ್ ಸಾಕು, ಕಂಪ್ಯೂಟರ್ ಇದ್ದರೆ ಸುಲಭ.

ಪಿಪೆಟ್ ಹಿಡಿಯುವಂಥ ಲ್ಯಾಬ್ ಕೆಲಸವನ್ನೂ ಕಲಿಯಬೇಕು, ನಿಜ. ಭಾರತದ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ, ಸ್ಟೈಪೆಂಡ್ ಕೂಡ ಇದೆ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮಿಕ್ ಸೈನ್ಸ್ ವಿಭಾಗವೇ ಇದೆ, ನಿಮ್ಮ ಮನೆಯಿಂದ ಬಸ್ಸಿನಲ್ಲೇ ಹೋಗಿ ಬರಬಹುದು. ಅಲ್ಲಿನ ಅಧ್ಯಾಪಕರಿಗೆ ಇಮೇಲ್ ಬರೆಯುವಾಗ “ಸಂಶೋಧನೆ ಮಾಡಲು ಆಸಕ್ತಿ ಇದೆ” ಅಂತ ಸುಮ್ನೆ ಬರೆಯಬೇಡಿ. ನೀವೇ ಬರೆದ ಒಂದು ವಂಶವೃಕ್ಷ, ನೀವೇ ಮಾಡಿದ ಒಂದು ಲೆಕ್ಕ ಜೊತೆಗಿಡಿ.

ಕನ್ನಡ ಮಾಧ್ಯಮದ ಬಗ್ಗೆ ಚಿಂತೆ ಬೇಡ. ಆ ಅಜ್ಜಿಯ ಹತ್ತಿರ ನಾನು ಇಂಗ್ಲಿಷಿನಲ್ಲಿ ಏನು ಕೇಳುತ್ತಿದ್ದೆ ಹೇಳಿ?

ಮೊದಲು ನಿಮ್ಮದೇ ಮನೆಯ ಮೂರು ತಲೆಮಾರು ಬರೆಯಿರಿ. ಚಿಕ್ಕಂದಿನಲ್ಲೇ ತೀರಿಕೊಂಡವರನ್ನು ಎರಡನೇ ಸಲ ಕೇಳಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಹೆಸರುಗಳಿಲ್ಲದೆ ಇಲ್ಲೇ ಬರೆದರೆ ನಾನು ನೋಡುತ್ತೇನೆ.